ತೊಟ್ಟಿ ನೀರಿನ ಕಾಟಮ್ಮ

ಮೊದಲೇ ಹೇಳಿಬಿಡುತ್ತೇನೆ, ನನ್ನ ಅಕ್ಷರ ಚೆನ್ನಾಗಿಲ್ಲ, ಮಾತೂ ಅಷ್ಟಕ್ಕಷ್ಟೆ. ಏಳನೆಯ ತರಗತಿಗೇ ಶಾಲೆ ಬಿಟ್ಟವಳು. ಎರಡು ಸಲ ಪೆನ್ಸಿಲಿನಲ್ಲಿ ಬರೆದು ಮೂರನೆಯ ಸಲ ಮಸಿಯಲ್ಲಿ ಬರೆದಿದ್ದೇನೆ. ಆದರೂ ತಪ್ಪಿದ್ದರೆ ಓದುವವರು ತಿದ್ದಿಕೊಂಡು ಓದಬೇಕು. ಇದು ನಮ್ಮ ಹಿತ್ತಲಿನ ತೊಟ್ಟಿಯ ನೀರನ್ನು ನೋಡಿಕೊಂಡ ಕಾಟಮ್ಮನ ವಿಷಯ. ಇದರಲ್ಲಿ ಮಂಗಳಿ ಎಂದು ಬರುವ ಹುಡುಗಿ ನಾನೇ. ನಾನು ನಾನು ಎಂದು ಬರೆಯಲು ಸಂಕೋಚವಾಯಿತು, ಅದಕ್ಕೆ ಹಾಗೆ ಬರೆದಿದ್ದೇನೆ. ನಾನು ಕಣ್ಣಾರೆ ಕಾಣದ್ದನ್ನು ಕಾಟಮ್ಮನನ್ನೇ ಕೇಳಿ ತಿಳಿದುಕೊಂಡೆ.

ಹೊಸದುರ್ಗದಲ್ಲಿ ಬಟ್ಟೆ ಅಂಗಡಿ ಇಟ್ಟುಕೊಂಡಿರುವ ಶಿವಕುಮಾರಪ್ಪನವರ ಮನೆಯ ಹಿತ್ತಲಲ್ಲಿ ಒಂದು ಸಿಮೆಂಟಿನ ತೊಟ್ಟಿ ಇದೆ. ಹನ್ನೆರಡು ಅಡಿ ಉದ್ದ, ಎಂಟು ಅಡಿ ಅಗಲ, ನೀರು ಮೂರು ಅಡಿ. ಅದನ್ನು ಕಟ್ಟಿಸಿದಾಗ ಬೀದಿಯವರು ‘ಸಾವ್ಕಾರ್ರ ಈಜುಕೊಳ’ ಎಂದು ನಗಾಡಿದರು. ಎಮ್ಮೆ ತೊಳೆಯಲಿಕ್ಕೋ ಎಂದು ಕೇಳಿದವರೂ ಉಂಟು. ನಿಜವಾಗಿ ಅದರಲ್ಲಿ ಈಜುವವರು ಯಾರೂ ಇರಲಿಲ್ಲ. ಶಿವಕುಮಾರಪ್ಪನವರ ಮಗಳು ಸರ್ವಮಂಗಳೆಗೆ ಮೂರು ವರ್ಷವಿದ್ದಾಗ ಪೋಲಿಯೊ ಬಂದು ಎಡಗಾಲು ಸೋತುಹೋಗಿತ್ತು. ಮನೆಯಲ್ಲಿ ಅವಳನ್ನು ಮಂಗಳಿ ಎನ್ನುತ್ತಿದ್ದರು. ದಾವಣಗೆರೆಯ ಡಾಕ್ಟರು ಒಬ್ಬರು, “ನೆಲದ ಮೇಲೆ ಆಗದ್ದು ನೀರಿನಲ್ಲಿ ಆಗುತ್ತದೆ. ದಿನಾ ಅರ್ಧ ಗಂಟೆ ಎದೆಮಟ್ಟದ ನೀರಿನಲ್ಲಿ ನಿಲ್ಲಿಸಿ ಕಾಲು ಆಡಿಸಿ. ಆದರೆ ನೀರು ಒಳ್ಳೆಯದಿರಬೇಕು, ಕೊಳೆತ ನೀರಿಗೆ ಇಳಿಸಬೇಡಿ” ಎಂದಿದ್ದರು. ಕಾಲುವೆ, ಕೆರೆ ಎಂದು ಹುಡುಕುವ ಬದಲು ಶಿವಕುಮಾರಪ್ಪನವರು ಮನೆಯಲ್ಲೇ ತೊಟ್ಟಿ ಕಟ್ಟಿಸಿದರು.

ಕಟ್ಟಿಸುವುದು ಒಂದು ತಿಂಗಳ ಕೆಲಸವಾಯಿತು. ನೋಡಿಕೊಳ್ಳುವುದು ಮುಗಿಯದ ಕೆಲಸವಾಯಿತು, ಮತ್ತು ಅದು ಕಾಟಮ್ಮನ ಪಾಲಿಗೆ ಬಂತು.

ಕಾಟಮ್ಮ ಹಿರಿಯೂರಿನ ಕಡೆಯ ಒಂದು ಹಟ್ಟಿಯವಳು. ಅವಳ ಅಣ್ಣ ಎತ್ತಪ್ಪ ಇವತ್ತಿಗೂ ಅಲ್ಲಿ ಕುರಿ ಕಾಯುತ್ತಾನೆ. ಗಂಡ ಸತ್ತ ಮೇಲೆ ಪಾತ್ರೆ ತೊಳೆಯಲೆಂದು ಈ ಮನೆಗೆ ಬಂದಳು. ಮಂಗಳಿ ಹುಟ್ಟಿದಾಗ ನೀರೆರೆದವಳೂ ಅವಳೇ, ನಾಲ್ಕನೆಯ ತರಗತಿವರೆಗೆ ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟುಬಂದವಳೂ ಅವಳೇ. ತೊಟ್ಟಿ ಕಟ್ಟಿಸಿದಾಗ ಅವಳಿಗೆ ನಲವತ್ತೈದು ಇರಬಹುದು. ಅವಳ ವಯಸ್ಸು ಅವಳಿಗೂ ಸರಿಯಾಗಿ ಗೊತ್ತಿಲ್ಲ.

ತೊಟ್ಟಿಯನ್ನು ಮೊದಲ ಸಲ ತುಂಬಿಸಿದ್ದೂ ಅವಳೇ. ಬಾವಿಯಿಂದ ರಾಟೆಯಲ್ಲಿ ಸೇದಿ, ಕೊಡಕ್ಕೆ ಒಂದು ಹುಣಸೆ ಬೀಜ ಪಕ್ಕಕ್ಕಿಟ್ಟು, ಮೂರು ದಿನ ತುಂಬಿದಳು. ಬೀಜ ಎಣಿಸಿದರೆ ಐನೂರ ನಲವತ್ತು. ವಾರ ಕಳೆಯುವಷ್ಟರಲ್ಲಿ ಆ ನೀರು ಪಾಚಿಗಟ್ಟಿ ಹಸಿರಾಯಿತು, ಮಂಗಳಿಗೆ ಕಿವಿ ಸೋರಿತು. ಶಿವಕುಮಾರಪ್ಪನವರು ತಲೆಯ ಮೇಲೆ ಕೈ ಹೊತ್ತು ಕೂತರು. ಆಗ ಊರಿನ ನೀರಿನ ಟ್ಯಾಂಕ್ ನೋಡಿಕೊಳ್ಳುತ್ತಿದ್ದ ತಿಮ್ಮರಾಯಪ್ಪ ಎಂಬ ಫಿಟ್ಟರು ಒಂದು ಮರದ ಪೆಟ್ಟಿಗೆ ತಂದುಕೊಟ್ಟ. ಒಳಗೆ ಎರಡು ಗಾಜಿನ ನಳಿಗೆ, ಎರಡು ಪುಟ್ಟ ಬಾಟಲಿ, ಬಣ್ಣ ಬಳಿದ ಒಂದು ರಟ್ಟು ಇದ್ದವು.

“ನೋಡವ್ವ ಕಾಟಮ್ಮ, ಈ ಬಾಟ್ಲಿದು ಐದು ಹನಿ ಬಿಟ್ರೆ ನೀರು ಹಳದಿ ಆಗ್ತದೆ. ಬ್ಲೀಚಿಂಗ್ ಪೌಡರ್ ಎಷ್ಟೈತೆ ಅಂತ ಅದು ಹೇಳ್ತದೆ. ಈ ಇನ್ನೊಂದ್ರದು ಐದು ಹನಿ ಬಿಟ್ರೆ ಕೆಂಪು. ನೀರು ಹುಳಿ ಆಗೈತೋ ಸೌಳಾಗೈತೋ ಅಂತ ಇದು ಹೇಳ್ತದೆ. ಎರಡೂ ನೋಡ್ಬೇಕು.”

“ಕುಡಿಯಾ ನೀರಲ್ಲ ಕಣಣ್ಣ. ಹುಳಿ ಆದ್ರೇನು, ಸೌಳಾದ್ರೇನು?”

“ಸೌಳು ಹೆಚ್ಚಾದ್ರೆ ನೀ ಎಷ್ಟು ಪೌಡರ್ ಹಾಕಿದ್ರೂ ಅದು ಕೆಲಸ ಮಾಡಲ್ಲ. ಮನೇಲಿ ಗಂಡಸು ಇದ್ದೂ ಮಲಗ್ಕಂಡಂಗೆ.”

“ಅಂಥಾದ್ದು ಕಂಡೀನಿ ಬಿಡು” ಎಂದಳು ಕಾಟಮ್ಮ.

ಓದು ಬಾರದ ಅವಳಿಗೆ ರಟ್ಟಿನ ಮೇಲಿನ ಅಂಕಿ ಬೇಕಾಗಲಿಲ್ಲ. ಹಳದಿಯನ್ನು ಅವಳು ತನ್ನ ಲೆಕ್ಕದಲ್ಲೇ ಗುರುತು ಮಾಡಿಕೊಂಡಳು. ಬೆಣ್ಣೆಯ ಬಣ್ಣ ಬಂದರೆ ಪೌಡರ್ ಸಾಲದು. ಹಾಗಲದ ಹೂವಿನ ಬಣ್ಣ ಬಂದರೆ ಸರಿ. ಚೆಂಡುಹೂವಿನ ಬಣ್ಣಕ್ಕೆ ಹೋದರೆ ಆ ದಿನ ಮಗುವನ್ನು ಇಳಿಸಬಾರದು. ಬೆಳಕು ಹರಿಯುವಾಗ ಎದ್ದು ಎಲೆ, ಹುಳ ತೆಗೆಯುವುದು, ನಳಿಗೆಯಲ್ಲಿ ನೀರು ಹಿಡಿದು ಬಿಳಿಯ ತಟ್ಟೆಗೆ ಎದುರಾಗಿ ನೋಡುವುದು, ಪೌಡರನ್ನು ಬಕೆಟ್ಟಿನಲ್ಲಿ ಕದಡಿ, ಗಸಿ ತಳಕ್ಕಿಳಿದ ಮೇಲೆ ತಿಳಿಯನ್ನು ಮಾತ್ರ ತೊಟ್ಟಿಯ ಸುತ್ತ ಸುರಿಯುವುದು, ಸೋಮವಾರ ಸೋಮವಾರ ಗೋಡೆಯನ್ನು ತೆಂಗಿನ ಸಿಪ್ಪೆಯಿಂದ ಉಜ್ಜುವುದು. ಇದೆಲ್ಲ ಆದ ಮೇಲೆ ಮನೆಯ ಪಾತ್ರೆ, ಕಸ, ಬಟ್ಟೆ. ವರ್ಷ ತುಂಬುವುದರೊಳಗೆ ಅವಳ ಅಂಗೈ ಬೇಸಿಗೆಯ ಕೆರೆಯಂಗಳದ ಹಾಗೆ ಬಿರಿದುಹೋಯಿತು. ರಾತ್ರಿ ಎಣ್ಣೆ ಹಚ್ಚಿಕೊಂಡರೆ ಬೆಳಿಗ್ಗೆ ಮತ್ತೆ ಪೌಡರು. ಯಾರಾದರೂ “ಹೆಂಗಿದೀಯ ಕಾಟಮ್ಮ” ಎಂದರೆ “ಇದೀನಿ” ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಹೇಳಲು ಅವಳಲ್ಲಿ ಉಸಿರಿರುತ್ತಿರಲಿಲ್ಲ.

ಶಿವಕುಮಾರಪ್ಪನವರು ಮಧ್ಯಾಹ್ನ ಊಟಕ್ಕೆ ಬಂದವರು ಕೈ ತೊಳೆಯುತ್ತ ಕೇಳುತ್ತಿದ್ದರು: “ಕಾಟಮ್ಮ, ನೀರು?”

“ಎರಡೂ ಸರಿ ಐತ್ರಿ ಸಾವ್ಕಾರ್ರೆ.”

ಅವರು ಗೋಡೆಯ ಕ್ಯಾಲೆಂಡರಿನ ಆ ದಿನದ ಚೌಕದಲ್ಲಿ ಪೆನ್ಸಿಲಿನಿಂದ ಎರಡು ಗೀರು ಎಳೆಯುತ್ತಿದ್ದರು. ಒಂದು ಹಳದಿಗೆ, ಒಂದು ಕೆಂಪಿಗೆ.

ಮಂಗಳಿಗೆ ಹನ್ನೊಂದು ತುಂಬಿದ ವರ್ಷ, ಕಾರ್ತಿಕ ಮಾಸದ ಒಂದು ಬೆಳಿಗ್ಗೆ, ಬಿರಿದ ಬೆರಳಿಗೆ ಹಿಡಿತ ಸಿಕ್ಕದೆ ಕೆಂಪು ಬಾಟಲಿ ಜಾರಿ ಕಲ್ಲಿನ ಮೇಲೆ ಒಡೆಯಿತು. ಕಾಟಮ್ಮ ಚೂರುಗಳನ್ನು ಆರಿಸಿ ಬೇಲಿಯ ಬುಡದಲ್ಲಿ ಹೂತಳು. ತಿಮ್ಮರಾಯಪ್ಪನಿಗೆ ಅಷ್ಟರಲ್ಲಿ ಬೇರೆ ಊರಿಗೆ ವರ್ಗವಾಗಿತ್ತು. ಇವತ್ತು ಹೇಳೋಣ, ನಾಳೆ ಹೇಳೋಣ ಎಂದುಕೊಂಡಳು. ಹಳದಿ ಸರಿ ಇದ್ದರೆ ಕೆಂಪೂ ಸರಿ ಇದ್ದೀತು ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡಳು. ಮಧ್ಯಾಹ್ನ ಸಾವ್ಕಾರರು ಕೇಳಿದಾಗ ಬಾಯಿ ತನ್ನಷ್ಟಕ್ಕೆ ತಾನೇ “ಎರಡೂ ಸರಿ ಐತ್ರಿ” ಎಂದುಬಿಟ್ಟಿತು. ಒಂದು ದಿನ ಹೇಳಿದ ಮೇಲೆ ಮರುದಿನ ಹೇಳುವುದು ಸುಲಭವಾಯಿತು, ಅದರ ಮರುದಿನ ಬೇರೆ ಹೇಳುವುದೇ ಕಷ್ಟವಾಯಿತು.

ಶಿವರಾತ್ರಿಗೆ ಮುಂಚೆ ತೊಟ್ಟಿಯನ್ನು ಪೂರ್ತಿ ಬರಿದು ಮಾಡಿ ತೊಳೆದರು. ಶಿವಕುಮಾರಪ್ಪನವರ ತಾಯಿ ಬಸಮ್ಮ ಜಗಲಿಯ ಮೇಲೆ ಕೂತು ನೋಡುತ್ತಿದ್ದರು. ಅವರಿಗೆ ಎದ್ದು ಓಡಾಡಲು ಆಗದಿದ್ದರೂ ಮಾತು ಮನೆಯ ಮೂಲೆಮೂಲೆಗೂ ಓಡಾಡುತ್ತಿತ್ತು.

“ಲೇ ಕಾಟಿ, ಬಾವಿ ತೊಳೆದಾಗ ಸುಣ್ಣ ಬಿಡಲ್ವೇನೆ? ಇದಕ್ಕೂ ಎರಡು ಸೇರು ಬಿಡು. ನೀರು ಕನ್ನಡಿ ಆಗ್ತದೆ.”

“ಹೂಂ ದೊಡ್ಡವ್ವ. ನಮ್ಮ ಹಟ್ಟಿ ಬಾವಿಗೂ ವರ್ಷಕ್ಕೊಂದ್ಸಲ ಬಿಡ್ತಿದ್ರು.”

ಶಿವಕುಮಾರಪ್ಪನವರೂ ಆಗಲಿ ಎಂದರು. ಸುಣ್ಣ ಒಳ್ಳೆಯದೆಂಬುದರಲ್ಲಿ ಮನೆಯಲ್ಲಿ ಯಾರಿಗೂ ಅನುಮಾನವಿರಲಿಲ್ಲ. ಬಾವಿಯ ನೀರು ದಿನಾ ಸೇದಿ ಖಾಲಿಯಾಗಿ ಹೊಸದು ಊರುತ್ತದೆ, ತೊಟ್ಟಿಯ ನೀರು ನಿಂತಲ್ಲೇ ನಿಂತಿರುತ್ತದೆ ಎಂದು ಯಾರಿಗೂ ಹೊಳೆಯಲಿಲ್ಲ. ಕಾಟಮ್ಮ ಎರಡರ ಬದಲು ನಾಲ್ಕು ಸೇರು ಹಾಕಿದಳು. ಹೆಚ್ಚು ಸುಣ್ಣ ಬಿಟ್ಟರೆ ಹೆಚ್ಚು ದಿನ ನೀರು ಕೆಡುವುದಿಲ್ಲ, ಪೌಡರ್ ಮುಟ್ಟುವುದು ಕಡಿಮೆಯಾದೀತು, ಕೈಗೆ ಒಂದಷ್ಟು ದಿನ ಬಿಡುವು ಸಿಕ್ಕೀತು. ಅವಳ ಆಸೆ ಅಷ್ಟೇ ಇತ್ತು.

ಮೂರು ದಿನ ನೀರು ನಿಜಕ್ಕೂ ಕನ್ನಡಿಯಾಗಿತ್ತು. ತಳದ ಸಿಮೆಂಟಿನ ಬಿರುಕು ಕೂಡ ಕಾಣುತ್ತಿತ್ತು. ನಾಲ್ಕನೆಯ ದಿನ ಪೌಡರಿನ ತಿಳಿ ಹಾಕಿದ್ದೇ ಅಕ್ಕಿ ತೊಳೆದ ನೀರಿನ ಹಾಗೆ ಬೆಳ್ಳಗಾಯಿತು. ಮಂಗಳಿ ಮೈ ತುರಿಸಿಕೊಳ್ಳತೊಡಗಿದಳು. ಅವಳ ಕಣ್ಣು ಕೆಂಪಗಾಯಿತು. ಕಾಟಮ್ಮ ಹಳದಿ ನೋಡಿದಳು. ಹಳದಿ ಬಂತು, ಆದರೆ ಅದರೊಳಗೆ ಎಲ್ಲೋ ಒಂದು ಹಸಿರಿನ ಎಳೆ ಇದ್ದ ಹಾಗೆ ಕಂಡಿತು. ನನ್ನ ಕಣ್ಣೂ ಹಳೇದಾಯ್ತು ಎಂದುಕೊಂಡಳು. ಪೌಡರ್ ಸಾಲದೇನೋ ಎಂದು ಇನ್ನೊಂದು ಚಮಚ ಹೆಚ್ಚು ಹಾಕಿದಳು. ನೀರು ಇನ್ನಷ್ಟು ಮಬ್ಬಾಯಿತು. ಮತ್ತೂ ಒಂದು ಚಮಚ ಹಾಕಿದಳು.

ಮಂಗಳಿ ಅದೇ ದಿನಗಳಲ್ಲಿ ಒಂದು ಸಾಧನೆ ಮಾಡಿದ್ದಳು. ಕಬ್ಬಿಣದ ಪಟ್ಟಿಯ ಬೂಟು ಇಲ್ಲದೆ, ಯಾರ ಕೈಯನ್ನೂ ಹಿಡಿಯದೆ, ನೀರಿನಲ್ಲಿ ಆರು ಎಣಿಸುವಷ್ಟು ಹೊತ್ತು ನಿಂತಿದ್ದಳು. ಅದಕ್ಕೇ ಕಣ್ಣು ಉರಿದರೂ ಉರಿಯುತ್ತದೆ ಎಂದು ಹೇಳುತ್ತಿರಲಿಲ್ಲ. ಹೇಳಿದರೆ ಇಳಿಸುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಆ ಸೋಮವಾರ ಬೆಳಿಗ್ಗೆ ಕಾಟಮ್ಮ ತನ್ನ ಹಟ್ಟಿಯ ದೇವರಿಗೆ ಹರಕೆ ಹೊತ್ತು, ಬಿಳಿಯ ದಾರವನ್ನು ಅರಿಶಿನದಲ್ಲಿ ಅದ್ದಿ ಒಣಗಿಸಿ, ಮಂಗಳಿಯ ಎಡಗಾಲಿನ ಹರಡಿಗೆ ಕಟ್ಟಿದಳು.

“ಏನೇ ಅದು, ನಮ್ಮ ಮಗೀಗೆ ನಿಮ್ಮ ದೇವ್ರ ಹಗ್ಗ?” ಎಂದರು ಬಸಮ್ಮ.

“ಕಾಲು ಯಾವ ಜಾತಿದಾದ್ರೇನು ದೊಡ್ಡವ್ವ, ದೇವ್ರಿಗೆ ಕಾಲೇ ಅಲ್ವ.”

ಮಂಗಳಿ ನೀರಿಗಿಳಿದು ಏಳು ಎಣಿಸಿದಳು. ಕಾಟಮ್ಮ ಅವಳನ್ನು ಮೇಲೆತ್ತಿ ಕಟ್ಟೆಯ ಮೇಲೆ ಕೂರಿಸಿ ಕಾಲು ಒರೆಸಲು ಬಗ್ಗಿದಳು. ಹರಡಿನ ಮೇಲಿನ ದಾರ ಕೆಂಪಗಾಗಿತ್ತು. ಹಳದಿಯ ಲವಲೇಶವೂ ಉಳಿದಿರಲಿಲ್ಲ, ಒಣಗಿದ ರಕ್ತದ ಬಣ್ಣ.

ಹರಕೆಯ ದಾರ ಬಣ್ಣಗೆಟ್ಟರೆ ದೇವರು ಒಪ್ಪಲಿಲ್ಲ ಎಂದು ಕಾಟಮ್ಮ ಚಿಕ್ಕಂದಿನಿಂದ ಕೇಳಿದ್ದಳು. ಅವಳು ದಾರವನ್ನು ಮುಚ್ಚುವ ಮೊದಲೇ ಬಸಮ್ಮ ನೋಡಿಬಿಟ್ಟರು.

“ಕೆಂಪಾತು. ಶಿವ ಶಿವ. ನೋಡೋ ಶಿವಕುಮಾರ, ದಾರ ಕೆಂಪಾಗೈತೆ. ಈ ನೀರಾಗೆ ಏನೋ ಐತೆ.”

ಶಿವಕುಮಾರಪ್ಪನವರು ದಾರವನ್ನು ನೋಡಲಿಲ್ಲ. ಮಗಳ ಗಲ್ಲ ಹಿಡಿದು ಮುಖವನ್ನು ಬೆಳಕಿಗೆ ತಿರುಗಿಸಿದರು. ಎರಡೂ ಕಣ್ಣು ಕೆಂಡದ ಹಾಗಿತ್ತು.

“ಉರೀತೈತಾ?”

“ಇಲ್ಲ” ಎಂದಳು ಮಂಗಳಿ. ಹೇಳುತ್ತಿರುವಾಗಲೇ ಕಣ್ಣಿನಿಂದ ನೀರು ಇಳಿಯುತ್ತಿತ್ತು.

“ಸಾಕು” ಎಂದರು ಅವರು. “ಶುಕ್ರವಾರ ಅನ್ನಪೂರ್ಣ ತುರುವನೂರಿಂದ ಬರ್ತಾಳೆ, ಎಳೇ ಮಗು ಬೇರೆ. ಮನೇಲಿ ಇಂಥ ನೀರು ಇಟ್ಕಂಡು ಕುಂತ್ಕಳಾಕೆ ಆಗಲ್ಲ. ಬರೋ ಸೋಮವಾರ ತೊಟ್ಟಿ ಬರಿದು ಮಾಡ್ಸಿ ಮೇಲೆ ತಗಡು ಹೊದಿಸ್ತೀನಿ. ಅಂಗಡಿ ಗಂಟು ಇಡಾಕಾದ್ರೂ ಆಗ್ತದೆ.”

ಅನ್ನಪೂರ್ಣಮ್ಮ ಅವರ ಹೆಂಡತಿ, ಎರಡನೆಯ ಬಾಣಂತನಕ್ಕೆ ತವರಿಗೆ ಹೋಗಿದ್ದವರು.

ಕಾಟಮ್ಮ ಆ ದಿನ ಮಧ್ಯಾಹ್ನ ಅಡಿಗೆಮನೆಯ ಗೋಡೆಗೆ ಒರಗಿ ಕೂತಳು. ನಿಜ ಹೇಳಬೇಕೆಂದರೆ ಮೊದಲು ಅವಳಿಗೆ ಹಗುರವೇ ಆಯಿತಂತೆ. ಇನ್ನು ಪೌಡರಿಲ್ಲ, ಉಜ್ಜುವುದಿಲ್ಲ, ಬೆಳಗಿನ ಜಾವ ಇನ್ನೊಂದು ಗಳಿಗೆ ಮಲಗಬಹುದು. ಅಷ್ಟರಲ್ಲಿ ನಡುಮನೆಯಿಂದ ಬೂಟಿನ ಕಬ್ಬಿಣ ನೆಲಕ್ಕೆ ತಾಗುವ ಸದ್ದು ಬಂತು. ಮಂಗಳಿ ಬೂಟು ಬಿಚ್ಚಿಟ್ಟು, ಗೋಡೆ ಹಿಡಿದು, ಒಣ ನೆಲದ ಮೇಲೆ ನಿಲ್ಲಲು ನೋಡುತ್ತಿದ್ದಳು. ಒಂದು, ಎರಡು ಎಂದು ಎಣಿಸುವಷ್ಟರಲ್ಲಿ ಮೊಣಕಾಲು ಮಡಚಿ ಕುಸಿದಳು. ಅಳಲಿಲ್ಲ. ಮತ್ತೆ ಎದ್ದಳು, ಮತ್ತೆ ಕುಸಿದಳು. ಕಾಟಮ್ಮ ಕೂತಲ್ಲಿಂದ ಕೊನೆಗೆ ಎದ್ದು ಹೋಗಿ ಅವಳನ್ನು ಎತ್ತಿಕೊಂಡಳು. ಎತ್ತುವಾಗ ಸೊಂಟ ಚಳಕ್ ಎಂದಿತು. ಹುಡುಗಿ ಬೆಳೆದಿದ್ದಳು, ಇನ್ನು ಸೊಂಟದ ಮೇಲೆ ಹೊರುವ ಕಾಲ ಮುಗಿದಿತ್ತು.

ಶುಕ್ರವಾರ ಹತ್ತು ಗಂಟೆಯ ಬಸ್ಸಿಗೆ ಅನ್ನಪೂರ್ಣಮ್ಮ ಕೂಸನ್ನು ಎತ್ತಿಕೊಂಡು ಬಂದರು. ಬಾಗಿಲಲ್ಲಿ ನಿಲ್ಲಿಸಿ ಓಕುಳಿ ಆರತಿ ಎತ್ತಬೇಕು. ಕಾಟಮ್ಮ ತಟ್ಟೆಗೆ ನೀರು ಹಾಕಿ ಅರಿಶಿನ ಕಲಸಿದಳು. ಎಲೆಯಡಿಕೆಯ ಡಬ್ಬಿಯಿಂದ ಬೆರಳ ತುದಿಯಲ್ಲಿ ಒಂದಿಷ್ಟು ಸುಣ್ಣ ತೆಗೆದು ಅದಕ್ಕೆ ತಾಗಿಸಿದಳು. ಹಳದಿ ನೀರು ಬೆರಳ ಸುತ್ತಲಿಂದ ಹಬ್ಬುತ್ತ ಕೆಂಪಾಯಿತು. ಈ ಕೆಲಸವನ್ನು ಅವಳು ತನ್ನ ಆಯುಷ್ಯದಲ್ಲಿ ನೂರು ಸಲ ಮಾಡಿದ್ದಳು. ನೂರು ಸಲವೂ ಕೆಂಪಾಗಿತ್ತು. ಒಂದು ಸಲವೂ ಯಾರೂ ಅದನ್ನು ದೇವರ ಸಿಟ್ಟು ಎಂದಿರಲಿಲ್ಲ.

ಅವಳು ತಟ್ಟೆ ಹಿಡಿದು ನಿಂತೇ ಇದ್ದಳು.

“ಏನೇ ಕಾಟಿ, ಬಾಗ್ಲಾಗೆ ಬಾಣಂತಿ ನಿಂತವ್ಳೆ. ನೀ ತಟ್ಟೆಯಾಗೆ ಮುಖ ನೋಡ್ಕಂತೀಯಾ?” ಎಂದರು ಬಸಮ್ಮ.

ಆರತಿಯಾಯಿತು. ಕೂಸನ್ನು ಒಳಗೆ ಮಲಗಿಸಿದ್ದಾಯಿತು. ಕಾಟಮ್ಮ ಹಿತ್ತಲಿಗೆ ಹೋಗಿ ತೊಟ್ಟಿಯ ನೀರನ್ನು ಒಂದು ಲೋಟದಲ್ಲಿ ತೆಗೆದು ಚಿಟಿಕೆ ಅರಿಶಿನ ಉದುರಿಸಿದಳು. ಕೆಂಪಾಯಿತು. ಬಾವಿಯ ನೀರನ್ನು ಇನ್ನೊಂದು ಲೋಟದಲ್ಲಿ ಸೇದಿ ಹಾಗೇ ಮಾಡಿದಳು. ಹಳದಿಯಾಗಿಯೇ ಉಳಿಯಿತು. ಎರಡು ಲೋಟಗಳನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡುತ್ತ ಬಹಳ ಹೊತ್ತು ಕೂತಳು. ತಪ್ಪು ಯಾರದೆಂದು ತಿಳಿದುಹೋಯಿತು. ಹೇಳದೆ ಸುಮ್ಮನಿದ್ದರೆ ಸೋಮವಾರ ತೊಟ್ಟಿಯ ಜೊತೆಗೆ ಅದೂ ಮುಚ್ಚಿಹೋಗುತ್ತದೆ ಎಂಬುದೂ ತಿಳಿಯಿತು.

ಊಟಕ್ಕೆ ಬಂದ ಶಿವಕುಮಾರಪ್ಪನವರು ಅಭ್ಯಾಸಬಲದಿಂದ ಕೈ ತೊಳೆಯುತ್ತ ಕಾಟಮ್ಮನ ಕಡೆ ನೋಡಿದರು. ಕೇಳಲಿಲ್ಲ. ಅವಳೇ ಎರಡು ಲೋಟ ತಂದು ಅವರ ಮುಂದೆ ಇಟ್ಟಳು.

“ಸಾವ್ಕಾರ್ರೆ, ನೀರಿಗೆ ಸುಣ್ಣ ಹೆಚ್ಚಾಗಿ ಸೌಳಾಗೈತ್ರಿ. ದೊಡ್ಡವ್ವ ಎರಡು ಸೇರು ಅಂದ್ರು, ನಾನು ನಾಲ್ಕು ಹಾಕ್ದೆ. ದಾರ ಕೆಂಪಾಗಿದ್ದು ಅದಕ್ಕೇ.”

“ಕೆಂಪು ಬಾಟ್ಲಿ ಹೇಳ್ಲಿಲ್ವ ಅದನ್ನ?”

“ಕೆಂಪು ಬಾಟ್ಲಿ ಒಡೆದೋಗೈತ್ರಿ.”

“ಯಾವಾಗ?”

“ಕಾರ್ತಿಕದಾಗೆ.”

ಅವರು ಗೋಡೆಯ ಕಡೆ ತಿರುಗಿದರು. ಕ್ಯಾಲೆಂಡರಿನ ಚೌಕಚೌಕದಲ್ಲೂ ಎರಡೆರಡು ಗೀರುಗಳಿದ್ದವು.

“ದಿನಾ ಎರಡೂ ಸರಿ ಐತೆ ಅಂದೆ.”

“ಅಂದೆ.”

“ನಾನು ಬರ್ಕಂಡೆ.”

“ಬರ್ಕಂಡ್ರಿ.”

ಅವರಿಗೆ ಸಿಟ್ಟು ಬಂದಿತ್ತು. ಆದರೆ ಅವಳ ಕೈ ಕಣ್ಣಿಗೆ ಬಿತ್ತೋ ಏನೋ, ಸಿಟ್ಟು ಬಾಯಿಗೆ ಬರಲಿಲ್ಲ. ಬಸಮ್ಮ ಮಾತ್ರ ಜಗಲಿಯಿಂದ, “ನಾನು ಎರಡೇ ಸೇರು ಅಂದಿದ್ದು ಕಣಪ್ಪ. ಅದು ನೆಪ್ಪಿರ್ಲಿ” ಎಂದರು.

“ಸೋಮವಾರ ತನಕ ಕೊಡ್ರಿ” ಎಂದಳು ಕಾಟಮ್ಮ. “ಸರಿ ಮಾಡ್ತೀನಿ. ಆಗ್ಲಿಲ್ಲ ಅಂದ್ರೆ ತಗಡು ಹೊದಿಸ್ರಿ.”

“ಬಾಟ್ಲಿ ಇಲ್ಲ. ಸರಿ ಆಗೈತೆ ಅಂತ ಹೆಂಗೆ ತಿಳೀತೀಯ?”

“ಅರಿಶಿನ ಹೇಳ್ತದ್ರಿ.”

ಅವತ್ತೇ ತೊಟ್ಟಿಯ ತಳದ ಬಿರಡೆ ತೆಗೆದು ಅರ್ಧ ನೀರು ಬಿಟ್ಟಳು. ತಳಕ್ಕೆ ಇಳಿದು, ಮೂಲೆಯಲ್ಲಿ ಕರಗದೆ ಉಳಿದಿದ್ದ ಸುಣ್ಣದ ಗಸಿಯನ್ನು ಮೊರದಲ್ಲಿ ಬಳಿದು ತೆಗೆದಳು. ಶನಿವಾರ ಬೆಳಗಿನಿಂದ ಬಾವಿ ಸೇದಲು ನಿಂತಳು. ಇನ್ನೂರೆಪ್ಪತ್ತು ಕೊಡ. ಎಪ್ಪತ್ತಕ್ಕೆ ಬೆನ್ನು ಹಿಡಿಯಿತು. ನೂರಕ್ಕೆ ಅಂಗೈಯ ಬಿರುಕಿನಿಂದ ರಕ್ತ ಬಂದು ಹಗ್ಗಕ್ಕೆ ಹತ್ತಿತು. ಸೆರಗು ಸುತ್ತಿಕೊಂಡು ಸೇದಿದಳು. ನೂರಾ ಹತ್ತೋ ಹನ್ನೆರಡೋ ಆದಾಗ ಶಿವಕುಮಾರಪ್ಪನವರು ಅಂಗಡಿಗೆ ಹೊರಟವರು ಹಿತ್ತಲಿಗೆ ಬಂದರು. ಶರ್ಟು ಬಿಚ್ಚಿ ಬೇಲಿಯ ಮೇಲೆ ಹಾಕಿ, ಪಂಚೆ ಎತ್ತಿ ಕಟ್ಟಿ, ಹಗ್ಗಕ್ಕೆ ಕೈ ಚಾಚಿದರು.

“ಬಿಡ್ರಿ ಸಾವ್ಕಾರ್ರೆ, ಜನ ನೋಡಿದ್ರೆ ನಗ್ತಾರೆ.”

“ನಗ್ಲಿ. ತೊಟ್ಟಿ ಕಟ್ಟಿಸ್ದಾಗಿಂದ ನಗ್ತಾನೇ ಅವ್ರೆ. ನೀ ಹೊತ್ತು ಹಾಕು, ನಾ ಸೇದ್ತೀನಿ.”

ಅವರು ಐವತ್ತು ಕೊಡ ಸೇದುವಷ್ಟರಲ್ಲಿ ಏದುಸಿರು ಬಿಡುತ್ತ ಕಟ್ಟೆಯ ಮೇಲೆ ಕೂತರು. “ಇದನ್ನ ನೀನು ಎಷ್ಟು ಸಲ ಮಾಡೀಯೆ ಕಾಟಮ್ಮ?” ಎಂದು ಕೇಳಿದರು. ಅವಳು ಲೆಕ್ಕ ಹಾಕಲು ಹೋಗಿ ಬಿಟ್ಟಳು. “ಮಾಡೀನಿ” ಎಂದಳು.

ಭಾನುವಾರದ ಕೆಲಸ ಸೂಕ್ಷ್ಮದ್ದು. ಕದಡಿದ ನೀರು ತಿಳಿಯಾಗಲೆಂದು ಮನೆಯಲ್ಲಿ ಪಟಿಕ ಇಟ್ಟಿದ್ದರು. ಪಟಿಕವನ್ನು ನಾಲಿಗೆಗೆ ಮುಟ್ಟಿಸಿದರೆ ಒಗರಿನ ಜೊತೆ ಹುಳಿಯೂ ಇರುತ್ತದೆ. ಸುಣ್ಣಕ್ಕೆ ಹುಳಿಯೇ ಮದ್ದು ಎಂದು ಕಾಟಮ್ಮನಿಗೆ ಗೊತ್ತಿತ್ತು. ಎಲೆಯಡಿಕೆಯ ಸುಣ್ಣ ಹೆಚ್ಚಾಗಿ ಬಾಯಿ ಸುಟ್ಟರೆ ಹುಣಸೆಹಣ್ಣು ಚೀಪುವುದು ಎಲ್ಲರ ಮನೆಯಲ್ಲೂ ಇದ್ದದ್ದೇ. “ಹಂಗಾದ್ರೆ ಹುಣಸೆಹಣ್ಣೇ ಕಿವುಚಿ ಹಾಕು, ಸಾರೂ ಆಗ್ತದೆ” ಎಂದರು ಬಸಮ್ಮ. ಕಾಟಮ್ಮ ನಗಲಿಲ್ಲ, ಅವಳಿಗೆ ನಗಲು ತ್ರಾಣವಿರಲಿಲ್ಲ.

ಅವಳು ಪಟಿಕವನ್ನು ಕುಟ್ಟಿ ಪುಡಿ ಮಾಡಿದಳು. ತೊಟ್ಟಿಯಿಂದ ಒಂದೇ ಒಂದು ಕೊಡ ನೀರು ಬೇರೆ ತೆಗೆದಿಟ್ಟಳು. ಅರ್ಧ ಚಮಚ ಪಟಿಕ ಹಾಕಿ ಕದಡಿ, ಅರಿಶಿನದ ದಾರ ಅದ್ದಿದಳು. ಕೆಂಪು. ಇನ್ನರ್ಧ ಚಮಚ ಹಾಕಿ ಹೊಸ ದಾರ ಅದ್ದಿದಳು. ಕಂದು. ಇನ್ನೂ ಅರ್ಧ ಚಮಚ. ದಾರ ಹಳದಿಯಾಗಿಯೇ ಹೊರಬಂತು. ಅಲ್ಲಿಗೆ ನಿಲ್ಲಿಸಿದಳೇ ಎಂದರೆ ಇಲ್ಲ. ಹುಳಿ ಮಿತಿಮೀರಿದರೆ ಅದೂ ಕಣ್ಣಿಗೆ ಕೆಟ್ಟದ್ದು. ಆ ನೀರನ್ನು ಲೋಟಕ್ಕೆ ಬಗ್ಗಿಸಿ ಕಡ್ಡಿಯ ತುದಿಯಷ್ಟು ಸುಣ್ಣ ಮುಟ್ಟಿಸಿದಳು. ಅದ್ದಿದ ದಾರ ತಕ್ಷಣ ಕೆಂಪಿಗೆ ತಿರುಗಿತು. ಹುಳಿ ಹೆಚ್ಚಿದ್ದರೆ ಅಷ್ಟು ಸುಣ್ಣವನ್ನು ನುಂಗಿ ದಾರ ಹಳದಿಯಾಗಿಯೇ ಉಳಿಯುತ್ತಿತ್ತು. ಅಂದರೆ ಹುಳಿ ಹೆಚ್ಚಿರಲಿಲ್ಲ, ತಕ್ಕಡಿಯ ಮುಳ್ಳು ನಡುವೆಯೇ ನಿಂತಿತ್ತು.

“ಕೊಡಕ್ಕೆ ಒಂದೂವರೆ ಚಮಚ. ಐನೂರ ನಲವತ್ತು ಕೊಡಕ್ಕೆ ಎಷ್ಟವ್ವ?” ಎಂದು ಮಂಗಳಿಯನ್ನು ಕೇಳಿದಳು.

ಮಂಗಳಿ ಸ್ಲೇಟಿನ ಮೇಲೆ ಗುಣಿಸಿದಳು. “ಎಂಟುನೂರ ಹತ್ತು ಚಮಚ.”

“ಎಣಿಸ್ತಾ ಕುಂತ್ರೆ ದೀಪಾವಳಿ ಬರ್ತದೆ.” ಕಾಟಮ್ಮ ಸೇರಿನ ಪಾತ್ರೆಗೆ ಚಮಚದಿಂದ ತುಂಬಿ ನೋಡಿದಳು. ಇನ್ನೂರೈವತ್ತು ಚಮಚಕ್ಕೆ ಒಂದು ಸೇರು. ಮೂರೂಕಾಲು ಸೇರು ಎಂದಾಯಿತು. ಸುಣ್ಣದಲ್ಲಿ ಮಾಡಿದ ಅವಸರವನ್ನು ಅವಳು ಮತ್ತೆ ಮಾಡಲಿಲ್ಲ. ಒಂದು ಸೇರು ಕರಗಿಸಿ ಸುರಿದು, ಬಿದಿರುಕೋಲಿನಿಂದ ತೊಟ್ಟಿ ಸುತ್ತಿ ಕದಡಿ, ದಾರ ನೋಡಿದಳು. ಇನ್ನೊಂದು ಸೇರು, ಮತ್ತೆ ದಾರ. ಮೂರನೆಯದನ್ನು ಅರ್ಧರ್ಧ ಮಾಡಿ ಹಾಕಿದಳು. ಉಳಿದ ಕಾಲು ಸೇರು ಬೇಕಾಗಲಿಲ್ಲ. ಬಟ್ಟೆ ಒಣಗಿಸುವ ತಂತಿಯ ಮೇಲೆ ಒಂದರ ಪಕ್ಕ ಒಂದು ದಾರ ತೂಗುಹಾಕಿದ್ದಳು: ಕೆಂಪು, ಕೆಂಪು, ಕಂದು, ಮಾಸಲು, ಹಳದಿ.

ಸೋಮವಾರ ಬೆಳಿಗ್ಗೆ ನೀರಿನ ಬೆಳ್ಳಗಿನ ಮಬ್ಬೆಲ್ಲ ಹತ್ತಿಯ ಹಾಗೆ ಮುದ್ದೆಗಟ್ಟಿ ತಳದಲ್ಲಿ ಕೂತಿತ್ತು. ಕದಡದ ಹಾಗೆ ಬಿರಡೆಯಿಂದ ಅದನ್ನು ಹೊರಗೆ ಬಿಟ್ಟು, ಎಷ್ಟು ಕಡಿಮೆಯಾಯಿತೋ ಅಷ್ಟು ಸೇದಿ ಹಾ​ಕಿದಳು. ಹಳದಿ ಬಾಟಲಿಯ ಹನಿ ಬಿಟ್ಟು ನೋಡಿದಳು. ಬೆಣ್ಣೆಯ ಬಣ್ಣ. ಅಳೆದು ಪೌಡರಿನ ತಿಳಿ ಹಾಕಿ, ಒಂದು ಗಂಟೆ ಬಿಟ್ಟು ನೋಡಿದರೆ ಹಾಗಲದ ಹೂವು. ಹಸಿರಿನ ಎಳೆ ಇರಲಿಲ್ಲ.

ಶಿವಕುಮಾರಪ್ಪನವರು ಬಂದರು. ದಾರ ನೋಡಿದರು, ನಳಿಗೆ ನೋಡಿದರು. ಆದರೂ ನಂಬಿಕೆ ಬರಲಿಲ್ಲವೇನೋ. ಕಟ್ಟೆಯ ಮೇಲೆ ಬೋರಲು ಮಲಗಿ, ಮುಖವನ್ನು ನೀರಿನಲ್ಲಿ ಮುಳುಗಿಸಿ, ಒಳಗೇ ಕಣ್ಣು ತೆರೆದರು. ಮೇಲೆದ್ದಾಗ ಮೀಸೆಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲರೂ ಅವರ ಕಣ್ಣನ್ನೇ ನೋಡುತ್ತಿದ್ದರು.

“ಉರೀತೈತೇನೋ?” ಎಂದರು ಬಸಮ್ಮ.

ಅವರು ಸ್ವಲ್ಪ ಹೊತ್ತು ಕಣ್ಣು ಮಿಟುಕಿಸಿದರು. “ಇಲ್ಲ. ಮಗೀನ ಇಳಿಸು ಕಾಟಮ್ಮ” ಎಂದರು.

ಮಂಗಳಿ ಆ ದಿನ ಐದೇ ಎಣಿಸಿದಳು. ವಾರ ಬಿಟ್ಟಿದ್ದರಿಂದ ಕಾಲು ಮರೆತಿತ್ತು. ಗುರುವಾರ ಒಂಬತ್ತಕ್ಕೆ ಬಂದಳು.

ತಿಂಗಳು ಕಳೆದು ಚಿಕ್ಕಜಾಜೂರಿಗೆ ಹೋಗಿ ರೈಲು ಹತ್ತಿ ದಾವಣಗೆರೆಗೆ ಹೋದರು. ಕಾಟಮ್ಮನೂ ಜೊತೆಗಿದ್ದಳು. ಡಾಕ್ಟರು ಟೇಪು ಸುತ್ತಿ ಮೀನಖಂಡ ಅಳೆದರು, ಬೂಟು ಬಿಚ್ಚಿಸಿ ಮೇಜು ಹಿಡಿದು ನಿಲ್ಲಿಸಿದರು. ಕಾಲಿಗೆ ಶಕ್ತಿ ಬರುತ್ತಿದೆ, ಬಿಡಬೇಡಿ, ಇನ್ನೂ ಎರಡು ವರ್ಷ ಹೀಗೇ ಮಾಡಿಸಿ ಎಂದರು. ಶಿವಕುಮಾರಪ್ಪನವರು ಅಲ್ಲೇ ಹೊಸ ಬಾಟಲಿಗಳನ್ನು ಕೊಂಡರು, ಕೆಂಪಿನದು ಎರಡು. ವಾಪಸು ಬರುವಾಗ ಚಿಕ್ಕಜಾಜೂರಿನಲ್ಲಿ ಬಸ್ಸಿಗೆ ಕಾಯುತ್ತ ಕಾಟಮ್ಮ ಕಲ್ಲುಬೆಂಚಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡಳು.

“ಎರಡು ವರ್ಷ ಅಂದ್ರಾ?” ಎಂದು ಕೇಳಿದಳು.

“ಹೂಂ” ಎಂದಳು ಮಂಗಳಿ.

“ಆಗ್ಲಿ ಬಿಡು” ಎಂದು ಹೇಳಿ, ಬಸ್ಸು ಬರುವವರೆಗೆ ಕೂತಲ್ಲೇ ನಿದ್ದೆ ಹೋದಳು.

ಎರಡು ವರ್ಷ ಎಂದದ್ದು ನಾಲ್ಕಾಯಿತು. ಈಗ ಎಪ್ಪತ್ತೆಂಟನೆಯ ಇಸವಿ. ಮಂಗಳಿ ಬೂಟು ಬಿಟ್ಟು ಒಂದು ಕೋಲು ಹಿಡಿದು ಮನೆಯೊಳಗೆ, ಹಿತ್ತಲಲ್ಲಿ ಓಡಾಡುತ್ತಾಳೆ. ಬೀದಿಯ ಕೊನೆಯವರೆಗೂ ಹೋಗಬಲ್ಲಳು. ಕಾಟಮ್ಮನ ಬೆರಳುಗಳು ಮಾತ್ರ ಈ ಚಳಿಗಾಲದಿಂದ ಮಡಚಿದರೆ ಬಿಚ್ಚುವುದಿಲ್ಲ, ಬಿಚ್ಚಿದರೆ ಮಡಚುವುದಿಲ್ಲ. ಅಣ್ಣ ಎತ್ತಪ್ಪ ಹಟ್ಟಿಗೆ ಬಾ ಎಂದು ಎರಡು ಸಲ ಕರೆಯಲು ಬಂದಿದ್ದ. ಈ ಹುಡುಗಿ ಕೋಲು ಬಿಡಲಿ, ಆಮೇಲೆ ಬರ್ತೀನಿ ಎಂದು ಕಳಿಸಿದಳು. ಕೈಲಾಗದಿದ್ದರೂ ಬೆಳಗಿನ ಜಾವ ಎದ್ದು ತೆಂಗಿನ ಸಿಪ್ಪೆ ಹುಡುಕುತ್ತಾಳೆ. ಬೇಡ ಎಂದರೆ ಕೇಳುವುದಿಲ್ಲ.

ಇಷ್ಟು ಬರೆಯಲು ನನಗೆ ಹನ್ನೊಂದು ದಿನ ಹಿಡಿಯಿತು. ನಾಳೆ ಸೋಮವಾರ. ಸಿಪ್ಪೆಯನ್ನು ಇವತ್ತೇ ನನ್ನ ಹಾಸಿಗೆಯ ಪಕ್ಕದಲ್ಲಿ ಇಟ್ಟುಕೊಂಡಿದ್ದೇನೆ. ಕಾಟಮ್ಮ ಏಳುವ ಮೊದಲು ನಾನೇ ಎದ್ದು ತೊಟ್ಟಿಯ ಗೋಡೆ ಉಜ್ಜಿ ಮುಗಿಸುತ್ತೇನೆ.